ಕಪ್ ಗೆಲ್ಲದಿದ್ದರೆ ದೊಡ್ಡ ಆಟಗಾರ್ತಿ ಅಲ್ಲವೇ?

ಮಾನ್ಯರೇ,

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಕೈಟ್ಲಿನ್ ಕ್ಲಾರ್ಕ್ ಗಳಿಸಿದ್ದು 3,951 ಪಾಯಿಂಟ್. ಆದರೂ ಅವರ ಮಾತು ಬಂದಾಗಲೆಲ್ಲ ‘ಕಪ್ ಗೆದ್ದಿಲ್ಲ ಅಲ್ವಾ’ ಎಂದು ಯಾರಾದರೂ ಕೊಕ್ಕೆ ಹಾಕುತ್ತಾರೆ. ಅವರ ಅಯೋವಾ ತಂಡ ರಾಷ್ಟ್ರೀಯ ಕಾಲೇಜು ಟೂರ್ನಿಯ 2023ರ ಫೈನಲ್‌ನಲ್ಲಿ ಎಲ್‌ಎಸ್‌ಯುಗೆ (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ), 2024ರಲ್ಲಿ ಸೌತ್ ಕೆರೊಲಿನಾಗೆ ಸೋತಿತು, ನಿಜ. ಆದರೆ ಎರಡನೆಯ ಫೈನಲ್‌ನಲ್ಲಿ ಕ್ಲಾರ್ಕ್ 30 ಪಾಯಿಂಟ್ ಹೊಡೆದಿದ್ದರು. ಎದುರಿಗಿದ್ದದ್ದು ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲದ ತಂಡ! ಇನ್ನೇನು ಮಾಡಬೇಕಿತ್ತು?

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಆಟಗಾರ್ತಿ ಬ್ರಿಯಾನಾ ಸ್ಟೀವರ್ಟ್ 2013ರಿಂದ 2016ರವರೆಗೆ ನಾಲ್ಕಕ್ಕೆ ನಾಲ್ಕೂ ಕಪ್ ಗೆದ್ದರು. ಅದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಅವರ ಜೊತೆ ಕನೆಕ್ಟಿಕಟ್‌ನಂಥ ಗಟ್ಟಿ ತಂಡವಿತ್ತು. ಅದೇ ತಂಡದ ಪೇಜ್ ಬೆಕರ್ಸ್‌ಗೆ ಕಪ್ ಸಿಕ್ಕಿದ್ದು 2025ರಲ್ಲಿ. ಅದರ ಹಿಂದಿನ ವರ್ಷ ಅವರೇನು ಸಣ್ಣ ಆಟಗಾರ್ತಿಯಾಗಿದ್ದರೇ?

– ಒಬ್ಬ ಬಾಸ್ಕೆಟ್‌ಬಾಲ್ ಅಭಿಮಾನಿ