ಮಕ್ಕಳ ಶೂಟಿಂಗ್ ಅಭ್ಯಾಸ: ಮೊದಲು ರಿಂಗಿನ ಹತ್ತಿರದಿಂದಲೇ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಕೋಚ್‌ಗಳು, ಪೋಷಕರು ದಯವಿಟ್ಟು ಓದಿ.

ಚಿಕ್ಕ ಮಕ್ಕಳಿಂದ ಮೂರು ಪಾಯಿಂಟ್ ಗೆರೆಯ ಹತ್ತಿರ ಶೂಟ್ ಮಾಡಿಸಬೇಡಿ. ಅಷ್ಟು ದೂರಕ್ಕೆ ಅವರ ಬಲ ಸಾಲುವುದಿಲ್ಲ. ಆಗ ಚೆಂಡನ್ನು ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ಬೀಸಿ ಎಸೆಯುತ್ತಾರೆ. ಆ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ತುಂಬಾ ಕಷ್ಟ. ರಿಂಗಿನಿಂದ ಎರಡು ಮೂರು ಹೆಜ್ಜೆ ಸಾಕು. ಅಲ್ಲಿಂದ ಸರಿಯಾಗಿ ಹಾಕಲು ಬಂದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಸಿ.

ಚೆಂಡು, ರಿಂಗು ಕೂಡ ಮಗುವಿಗೆ ತಕ್ಕಂತೆ ಇರಬೇಕು ಅಲ್ವಾ? ದೊಡ್ಡವರ ರಿಂಗ್ 3.05 ಮೀಟರ್ ಎತ್ತರ. ಚಿಕ್ಕ ಮಕ್ಕಳು ಆಡುವ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್, ಚೆಂಡು 5ನೇ ಸೈಜ್, ಅಂದರೆ ದೊಡ್ಡವರ ಚೆಂಡಿಗಿಂತ ಚಿಕ್ಕದು.

ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ಸ್ವಲ್ಪ ಬಾಗಿರಲಿ. ಬಲ ಬರುವುದು ಕಾಲಿನಿಂದ. ಶೂಟ್ ಮಾಡುವ ಕೈಯ ಮೊಣಕೈ ಚೆಂಡಿನ ಕೆಳಗಿರಲಿ. ಚೆಂಡು ಬೆರಳುಗಳ ಮೇಲೆ ಕೂರಲಿ, ಅಂಗೈಗೆ ಪೂರ್ತಿ ಅಂಟಬಾರದು. ಇನ್ನೊಂದು ಕೈ ಪಕ್ಕದಲ್ಲಿ ಸುಮ್ನೆ ಆಸರೆಗೆ ಮಾತ್ರ. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಆ ಕೈಯ ಹೆಬ್ಬೆರಳು ಚೆಂಡನ್ನು ತಳ್ಳಿಬಿಡುತ್ತದೆ, ಚೆಂಡು ಅಡ್ಡಡ್ಡ ತಿರುಗುತ್ತಾ ಹೋಗುತ್ತದೆ. ಹಾಗೆ ಕಂಡರೆ ರಿಂಗಿನ ಎದುರಲ್ಲೇ ನಿಲ್ಲಿಸಿ, ಕೆಲವು ದಿನ ಒಂದೇ ಕೈಯಲ್ಲಿ ಹಾಕಿಸಿ. ಕೊನೆಯಲ್ಲಿ ಮಣಿಕಟ್ಟು ಮುಂದಕ್ಕೆ ಬಾಗಬೇಕು. ಚೆಂಡು ರಿಂಗ್ ಮುಟ್ಟುವವರೆಗೂ ಎತ್ತಿದ ಕೈ ಕೆಳಗಿಳಿಯಬಾರದು.

ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ನಾಲ್ಕು ಮಾತು ಒಟ್ಟಿಗೆ ಹೇಳಿದರೆ ಮಗು ಗಲಿಬಿಲಿಯಾಗುತ್ತದೆ. ಚೆಂಡು ಒಳಗೆ ಬೀಳದಿದ್ದರೂ ಹಾಕಿದ ರೀತಿ ಚೆನ್ನಾಗಿದ್ದರೆ ಬಾಯ್ತುಂಬಾ ಹೊಗಳಿ. ಸುಸ್ತಾಗಿ ಕೈಕಾಲು ಸಡಿಲವಾದರೆ ಅವತ್ತಿನ ಶೂಟಿಂಗ್ ಅಲ್ಲಿಗೇ ನಿಲ್ಲಿಸಿ.