ಕಂಸಾಳೆ ಬರೀ ಹಿನ್ನೆಲೆ ಕುಣಿತವಲ್ಲ

ಮಾನ್ಯರೇ,

ಮೈಸೂರು–ಮಂಡ್ಯ ಸೀಮೆಯ ಕಥೆ ಎಂದರೆ ನಾಯಕನ ಹಿಂದೆ ಒಂದು ಸಾಲು ಕಂಸಾಳೆಯವರನ್ನು ನಿಲ್ಲಿಸಿದರೆ ಆಯಿತು ಎಂದುಕೊಂಡಿದ್ದಾರೆ ನಮ್ಮ ಸಿನಿಮಾದವರು. ಎಡಗೈಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಲಿ ದಾರ ಕಟ್ಟಿದ ಚಪ್ಪಟೆ ತಾಳ. ತಲೆ ಮೇಲೆ ಬೀಸಲಿ, ಬೆನ್ನ ಹಿಂದೆ ಬೀಸಲಿ, ಪೆಟ್ಟು ಲಯಕ್ಕೇ ಬೀಳಬೇಕು. ಹಾಡು ಸ್ಟುಡಿಯೋದಲ್ಲಿ ಮೊದಲೇ ಸಿದ್ಧವಾಗಿರುತ್ತದೆ, ಸಂಕಲನದಲ್ಲಿ ಪೆಟ್ಟು ಬೀಳುವ ಮುಂಚೆಯೇ ಶಾಟ್ ಕತ್ತರಿಸುತ್ತಾರೆ. ಕೈ ಒಂದು ಕಡೆ, ಸದ್ದು ಇನ್ನೊಂದು ಕಡೆ.

ಈ ಕಂಸಾಳೆ ಹಿಡಿಯುವ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದು, ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಹೆಸರಲ್ಲಿ ಭಿಕ್ಷೆ ಎತ್ತಿ, ರಾತ್ರಿಯಿಡೀ ಅವನ ಕಥೆ ಹಾಡುವವರು. ತೆರೆಯ ಮೇಲೆ ಕಥೆಯೂ ಇಲ್ಲ, ದೀಕ್ಷೆಯೂ ಇಲ್ಲ. ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರದು ಬೇರೆಯದೇ ಪರಂಪರೆ. ಅವರನ್ನೂ ಗುಡ್ಡರನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತಾರೆ. (ಬಟ್ಟೆಯಂತೂ ಬಾಡಿಗೆ ಅಂಗಡಿಯದು!)

ಚಿತ್ರೀಕರಣದ ಜಾಗದಲ್ಲೇ ತಾಳದ ಸದ್ದು ಮುದ್ರಿಸಿಕೊಳ್ಳಲಿ. ಒಂದು ಸುತ್ತನ್ನಾದರೂ ಕತ್ತರಿಸದೆ, ಪಾದದಿಂದ ತಲೆಯವರೆಗೆ ಕಾಣುವಂತೆ ತೋರಿಸಲಿ. ಹೆಜ್ಜೆ ಕಾಣದಿದ್ದರೆ ಬೀಸಿನ ಅರ್ಧ ಕೆಲಸವೇ ಕಾಣುವುದಿಲ್ಲ. ಮೇಳದವರ ಹೆಸರು ಟೈಟಲ್ ಕಾರ್ಡ್‌ನಲ್ಲಿ ಬರಲಿ. ಇದಕ್ಕೆಲ್ಲ ಭಾರೀ ಬಜೆಟ್ಟೇನೂ ಬೇಕಿಲ್ಲ.

– ಜಾನಪದ ಆಸಕ್ತರು, ಮಳವಳ್ಳಿ