ಕಾರವಾರದ ಚಪಲ್ ಕರಾಚಿಗೆ ಹೋಗಿರಲಿಲ್ಲ

ಮಾನ್ಯ ಸಂಪಾದಕರೇ,

ಡಿಸೆಂಬರ್ 4ರ ನೌಕಾಪಡೆ ದಿನ ಹತ್ತಿರ ಬಂತು ಅಂದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಫೋಟೋ ಎಲ್ಲ ಕಡೆ ಓಡಾಡಲು ಶುರುವಾಗುತ್ತದೆ. ಫೋಟೋ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು ಇದೇ ಅಂತ. ಇದು ತಪ್ಪು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರ ನವೆಂಬರ್‌ನಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ಐದು ವರ್ಷವಾಗುತ್ತಾ ಬಂದಿತ್ತು.

ಮೊನ್ನೆ ಅಕ್ಕನ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಐದನೇ ಕ್ಲಾಸಿನ ಹುಡುಗ. ಮೆಟ್ಟಿಲು ಹತ್ತುವಾಗಲೇ ‘ಮಾಮಾ, ಪಾಕಿಸ್ತಾನದ ಹಡಗು ಮುಳುಗಿಸಿದ್ದು ಇದೇ ಅಲ್ವಾ?’ ಅಂದ. ಎಲ್ಲೋ ವಿಡಿಯೋದಲ್ಲಿ ಕೇಳಿದ್ದನಂತೆ. ಅವನನ್ನು ಡೆಕ್ ಮೇಲೆ ನಿಲ್ಲಿಸಿ, ಎರಡೂ ಬದಿಯಲ್ಲಿರುವ ಆ ದಪ್ಪನೆಯ ಕೊಳವೆಗಳನ್ನು ತೋರಿಸಿದೆ. ಕ್ಷಿಪಣಿ ಹಾರಿಸುವ ಕೊಳವೆಗಳು ಅವು, ಒಟ್ಟು ನಾಲ್ಕು. ದುಂಡಗಿವೆ ನೋಡು ಅಂದೆ. ಕರಾಚಿಗೆ ಹೋದ ದೋಣಿಗಳಲ್ಲಿ ದುಂಡನೆಯ ಕೊಳವೆ ಇರಲಿಲ್ಲ, ಪೆಟ್ಟಿಗೆ ಥರ ಮುಚ್ಚಿದ ಗೂಡುಗಳಿದ್ದವು. ಅವು ಸೋವಿಯತ್ ಒಕ್ಕೂಟದ ಓಸಾ ಎಂಬ ಕ್ಷಿಪಣಿ ದೋಣಿಯ ಮೊದಲ ಮಾದರಿ, ಚಪಲ್ ಎರಡನೇ ಮಾದರಿ. ಹುಡುಗ ಕೊಳವೆ ಮುಟ್ಟಿ ನೋಡಿ ‘ಹಂಗಾದ್ರೆ ಇದು ಅದರ ತಮ್ಮನಾ?’ ಅಂದ. ಹೌದು, ತಮ್ಮನೇ.

ಆ ಅಣ್ಣಂದಿರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ವೀರ್, ವಿದ್ಯುತ್, ವಿಜೇತಾ, ವಿನಾಶ್, ನಿಪಟ್, ನಾಶಕ್, ನಿರ್ಭೀಕ್, ನಿರ್ಘಾತ್. ಎಂಟು ದೋಣಿ. 1971ರಲ್ಲೇ ನಮ್ಮ ಕೈಗೆ ಬಂದವು. ಮುಂಬೈಯಲ್ಲಿ ಅಷ್ಟು ಭಾರ ಎತ್ತುವ ಕ್ರೇನ್ ಇರಲಿಲ್ಲ ಅಂತ ಅವನ್ನು ಕೋಲ್ಕತ್ತಾದಲ್ಲಿ ಇಳಿಸಿ, ಅಲ್ಲಿಂದ ದೊಡ್ಡ ಹಡಗುಗಳ ಹಿಂದೆ ಹಗ್ಗ ಕಟ್ಟಿ ಇಡೀ ಕರಾವಳಿ ಸುತ್ತಿಸಿ ಮುಂಬೈಗೆ ಎಳೆದುಕೊಂಡು ಬಂದರು. ಈ ಪುಟಾಣಿ ದೋಣಿಗಳು ಇದ್ದದ್ದು ಬಂದರಿನ ಹತ್ತಿರ ಕಾವಲು ಕಾಯೋದಕ್ಕೆ, ಜಾಸ್ತಿ ದೂರ ಹೋಗುವಷ್ಟು ಇಂಧನ ಅವುಗಳಲ್ಲಿ ಹಿಡಿಯುವುದಿಲ್ಲ. ಆದರೆ ಎಳೆದುಕೊಂಡು ಇಷ್ಟು ದೂರ ತರಬಹುದು ಅಂದಮೇಲೆ, ಹಾಗೇ ಎಳೆದುಕೊಂಡು ಶತ್ರುವಿನ ಬಾಗಿಲಿಗೂ ಒಯ್ಯಬಹುದಲ್ವಾ? ಕರಾಚಿ ದಾಳಿಯ ಯೋಚನೆ ಗಟ್ಟಿಯಾಗಿದ್ದು ಹೀಗೆ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ.

ಡಿಸೆಂಬರ್ 4ರ ರಾತ್ರಿಯ ದಾಳಿಗೆ ನಿಪಟ್, ನಿರ್ಘಾತ್, ವೀರ್ ಈ ಮೂರು ಹೋದವು. ಜೊತೆಗೆ ಕಿಲ್ತಾನ್ ಮತ್ತು ಕಚ್ಛಲ್ ಎಂಬ ಸ್ವಲ್ಪ ದೊಡ್ಡ ಹಡಗುಗಳು. ಸ್ಕ್ವಾಡ್ರನ್‌ನ ನಾಯಕ ಬಬ್ರು ಭಾನ್ ಯಾದವ್. ಹಗಲು ಪಾಕಿಸ್ತಾನದ ವಿಮಾನಗಳಿಗೆ ಸಿಗದಷ್ಟು ದೂರದಲ್ಲಿದ್ದು, ಕತ್ತಲಾದ ಮೇಲೆ ನುಗ್ಗುವುದು ಅಂತ ಲೆಕ್ಕ. ನಿರ್ಘಾತ್ ಹಾರಿಸಿದ ಎರಡು ಕ್ಷಿಪಣಿಗೆ ಪಾಕಿಸ್ತಾನದ ಖೈಬರ್ ಎಂಬ ಯುದ್ಧನೌಕೆ ಮುಳುಗಿತು. ಮೊದಲ ಕ್ಷಿಪಣಿ ಬಡಿದಾಗ ಆ ಹಡಗಿನವರು ವಿಮಾನ ದಾಳಿ ಮಾಡಿದೆ ಅಂತಲೇ ಸಂದೇಶ ಕಳಿಸಿದ್ದರು, ಯಾಕೆಂದರೆ ಅಂಥ ಆಯುಧವನ್ನು ಆ ಸಮುದ್ರದಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಖೈಬರ್ ಒಂದರಲ್ಲೇ 200ಕ್ಕೂ ಹೆಚ್ಚು ನಾವಿಕರು ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ, ಅದನ್ನು ಬಿಟ್ಟು ಈ ಕಥೆ ಹೇಳಬಾರದು. ವೀರ್ ಹೊಡೆತಕ್ಕೆ ಮುಹಾಫಿಜ್ ಎಂಬ ಇನ್ನೊಂದು ಹಡಗು ಹೋಯಿತು. ನಾಲ್ಕು ದಿನ ಬಿಟ್ಟು, ಡಿಸೆಂಬರ್ 8ರ ರಾತ್ರಿ, ವಿನಾಶ್ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ಎಂಬ ದೊಡ್ಡ ಹಡಗುಗಳ ಜೊತೆಗೆ ಹೋಗಿ ತನ್ನ ನಾಲ್ಕೂ ಕ್ಷಿಪಣಿ ಹಾರಿಸಿ ಬಂತು. ಕರಾಚಿ ಬಂದರಿನ ಕೀಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಆಗ ಬೆಂಕಿ ಬಿತ್ತು. ಎರಡೂ ದಾಳಿಯಲ್ಲಿ ನಮ್ಮ ಒಂದು ದೋಣಿಯೂ ಮುಳುಗಲಿಲ್ಲ.

ಈ ಕೆಲಸ ಮಾಡಿದವರ ಹೆಸರು ತೆಗೆದು ಚಪಲ್‌ಗೆ ಅಂಟಿಸುವುದು ಎರಡೂ ಕಡೆಗೆ ಅನ್ಯಾಯ. ನಿರ್ಘಾತ್‌ನಲ್ಲಿ ಇದ್ದವರ ಪಾಲಿನ ಗೌರವ ಬೇರೆಯವರಿಗೆ ಹೋಗುತ್ತದೆ. ಚಪಲ್ 1976ರಿಂದ 2005ರವರೆಗೆ ಮಾಡಿದ ಸುಮಾರು 29 ವರ್ಷದ ಕಾವಲು ಲೆಕ್ಕಕ್ಕೇ ಬರುವುದಿಲ್ಲ. ಯುದ್ಧ ಮಾಡದ ಹಡಗು ಅಂದ ತಕ್ಷಣ ಕಡಿಮೆ ಆಗಿಬಿಡುತ್ತದಾ? ಸುಮಾರು 39 ಮೀಟರ್ ಉದ್ದದ ಆ ಇಕ್ಕಟ್ಟಿನೊಳಗೆ ಮೂವತ್ತು ಜನ ಮಳೆಗಾಲದ ಸಮುದ್ರದಲ್ಲಿ ಹೇಗೆ ಇದ್ದರು ಅಂತ ಒಮ್ಮೆ ಒಳಗೆ ಬಗ್ಗಿ ನಡೆದು ನೋಡಿ. ನನಗಂತೂ ತಲೆ ಎತ್ತಿ ನಡೆಯಲು ಆಗಲಿಲ್ಲ. (ಅಂದಹಾಗೆ ಚಪಲ ಅಂದರೆ ಕನ್ನಡದಲ್ಲಿ ನಮಗೆ ತಿನ್ನುವ ಚಪಲವೇ ಮೊದಲು ನೆನಪಾಗುತ್ತದೆ. ಹಡಗಿನ ಹೆಸರಿಗೆ ಚುರುಕಿನದು, ಮಿಂಚಿನಂಥದು ಎಂಬ ಅರ್ಥ. ಇದನ್ನೂ ಮಕ್ಕಳಿಗೆ ಹೇಳಬೇಕು.)

ದೀವ್‌ನಲ್ಲೂ (ದಿಯು) ಹೀಗೇ ಜನ ನೋಡಲೆಂದು ಕೊಟ್ಟ ಒಂದು ಹಡಗಿದೆ. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಈಗ ದೀವ್‌ಗೆ ಕೊಟ್ಟಿರುವುದು ಅದೇ ಹೆಸರು ಹೊತ್ತು 1989ರಲ್ಲಿ ಬಂದ ಎರಡನೇ ಖುಕ್ರಿ. ಹಳೆಯ ಖುಕ್ರಿ ಇನ್ನೂ ಸಮುದ್ರದ ಅಡಿಯಲ್ಲೇ ಇದೆ. ಎರಡರ ನಡುವಿನ ವ್ಯತ್ಯಾಸ ತಿಳಿದು ನೋಡಿದರೆ ಮನಸ್ಸು ಇನ್ನೂ ಜಾಸ್ತಿ ಕಲಕುತ್ತದೆ. ಇನ್ನು 1971ರಲ್ಲಿ ನಿಜವಾಗಿಯೂ ಹೋರಾಡಿದ, ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ವಿಮಾನ ಕಳಿಸಿದ ಹಳೆಯ ವಿಕ್ರಾಂತ್ ಗತಿ ಎಲ್ಲರಿಗೂ ಗೊತ್ತು. ಮುಂಬೈಯಲ್ಲಿ ಮ್ಯೂಸಿಯಂ ಆಗಿದ್ದ ಹಡಗನ್ನು 2014ರಲ್ಲಿ ಗುಜರಿಗೆ ಕೊಟ್ಟುಬಿಟ್ಟರು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗಾಗಿಯೇ ನಮ್ಮ ಜಿಲ್ಲೆಯಲ್ಲಿ ಉಳಿದಿರುವ ಈ ಒಂದು ದೋಣಿಯ ಬಗ್ಗೆ ಸರಿಯಾಗಿ ಹೇಳಿ ಅಂತ ಕೇಳುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಚಪಲ್ ಪಕ್ಕದಲ್ಲಿ ಕನ್ನಡದಲ್ಲಿ ಒಂದು ದೊಡ್ಡ ಬೋರ್ಡ್ ಬರಲಿ. ಈ ದೋಣಿ ಯಾವಾಗ ಬಂತು, ಎಷ್ಟು ವರ್ಷ ದುಡಿಯಿತು ಅಂತ ಮೊದಲು ಬರೆಯಲಿ. ಅದರ ಕೆಳಗೆ ಆ ಎಂಟು ದೋಣಿಗಳ ಹೆಸರು, ಯಾವ ರಾತ್ರಿ ಯಾವುದು ಹೋಯಿತು ಅನ್ನುವುದು, ಪೆಟ್ಟಿಗೆ ಗೂಡಿನ ಒಂದು ಚಿತ್ರ. ಮಕ್ಕಳು ಚಿತ್ರ ನೋಡಿ, ಎದುರಿಗಿರುವ ಕೊಳವೆ ಮುಟ್ಟಿ, ಎರಡನ್ನೂ ಹೋಲಿಸಿಕೊಳ್ಳಲಿ. ಡಿಸೆಂಬರ್ 4ಕ್ಕೆ ಚಪಲ್ ಫೋಟೋ ಹಾಕುವವರೂ, ಪತ್ರಿಕೆಗಳೂ ಸೇರಿ, ಅಡಿಬರಹ ಬರೆಯುವ ಮೊದಲು ಚಪಲ್ ನೌಕಾಪಡೆಗೆ ಸೇರಿದ ವರ್ಷವನ್ನು ಒಮ್ಮೆ ನೋಡಿಕೊಳ್ಳಲಿ.

– ಒಬ್ಬ ಓದುಗ, ಅಂಕೋಲಾ